ಹಾಲು ದುಪ್ಪಟ್ಟು ಮಾಡುವ ಪುಡಿ ಇದೆಯೇ? ರಾಯಚೂರಿನ ದನಗಳ ಗೋದಲಿಯಲ್ಲಿ ನಿಜಕ್ಕೂ ಕಡಿಮೆ ಇರುವುದೇನು?

‘ದಿನಕ್ಕೆ ಒಂದು ಚಮಚ ಪುಡಿ ಹಾಕಿ, ವಾರದಲ್ಲಿ ಹಾಲು ದುಪ್ಪಟ್ಟು.’ ‘ಹಿಂಡಿ ಬೇಡ, ಅಜೋಲಾ ಒಂದೇ ಸಾಕು.’ ‘ಯೂರಿಯಾ ಹಾಕಿದ ಮೇವು ತಿಂದ ಎಮ್ಮೆಯ ಹಾಲು ವಿಷ.’ ‘ಗಬ್ಬದ ಆಕಳಿಗೆ ಕ್ಯಾಲ್ಸಿಯಂ ಎಷ್ಟು ಕುಡಿಸಿದರೂ ಒಳ್ಳೆಯದೇ.’

ಇಂತಹ ಸಂದೇಶಗಳಲ್ಲಿ ಒಂದಾದರೂ ನಿಮ್ಮ ಊರಿನ ಅಥವಾ ಮನೆಯವರ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ನಾಲ್ಕೂ ಒಂದೇ ತರಹ ಕಂಡರೂ ನಾಲ್ಕರ ಕಥೆ ಬೇರೆ ಬೇರೆ. ಮೊದಲನೆಯದು ಸುಳ್ಳು ಭರವಸೆ. ಎರಡನೆಯದು ಲೆಕ್ಕ ಮಾಡದೆ ಹೇಳಿದ ಮಾತು. ಮೂರನೆಯದು ಅರ್ಧ ಸತ್ಯ. ನಾಲ್ಕನೆಯದನ್ನು ನಂಬಿದರೆ ಆಕಳು ಕರು ಹಾಕಿದ ಮರುದಿನವೇ ನೆಲ ಹಿಡಿಯಬಹುದು.

ಚುಟುಕಾಗಿ ಉತ್ತರ ಇಷ್ಟು. ಪೂರಕ ಆಹಾರ ಎಂದರೆ ಕೊರತೆಯನ್ನು ತುಂಬುವ ವಸ್ತು. ಯಾವುದರ ಕೊರತೆ ಇದೆಯೋ ಅದನ್ನು ಕೊಟ್ಟರೆ ಫಲ ಕಾಣುತ್ತದೆ. ಕೊರತೆ ಇಲ್ಲದಿದ್ದರೆ ದುಡ್ಡು ದಂಡ, ಕೆಲವು ಸಲ ಜೀವಕ್ಕೇ ಅಪಾಯ. ಹಾಗಾಗಿ ‘ಯಾವ ಪುಡಿ ಒಳ್ಳೆಯದು?’ ಎಂದು ಕೇಳುವ ಮೊದಲು ‘ನಮ್ಮ ದನ ಈಗ ಏನು ತಿನ್ನುತ್ತಿದೆ, ಅದರಲ್ಲಿ ಏನಿಲ್ಲ?’ ಎಂದು ಕೇಳಬೇಕು. ಈ ಪ್ರಶ್ನೆಯನ್ನು ರಾಯಚೂರು, ಮಾನ್ವಿ, ದೇವದುರ್ಗದ ದನ, ಎಮ್ಮೆ, ಕುರಿಗಳ ಬಗ್ಗೆ ಕೇಳಿ ನೋಡೋಣ.

ದನ ತಿನ್ನುವುದು ತನಗಷ್ಟೇ ಅಲ್ಲ

ಆಕಳು, ಎಮ್ಮೆ, ಕುರಿ, ಆಡು ಇವೆಲ್ಲ ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಹೊಟ್ಟೆಗೆ ನಾಲ್ಕು ಕೋಣೆ. ಮೊದಲ ಕೋಣೆ ರೂಮೆನ್ ಎಲ್ಲಕ್ಕಿಂತ ದೊಡ್ಡದು. ದೊಡ್ಡ ಆಕಳಿನಲ್ಲಿ ಅದು ನೂರು ಲೀಟರ್‌ಗೂ ಹೆಚ್ಚು ಹಿಡಿಯುತ್ತದೆ. ಅದರೊಳಗಿನ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾ ಇರುತ್ತವೆ. ನಾರು ತುಂಬಿದ ಒಣಹುಲ್ಲನ್ನು ಕರಗಿಸುವುದು ದನದ ಸ್ವಂತ ಶಕ್ತಿಯಿಂದ ಆಗುವ ಕೆಲಸವಲ್ಲ. ಅದನ್ನು ಮಾಡುವುದು ಈ ಸೂಕ್ಷ್ಮಜೀವಿಗಳು. ಅವು ಹುಲ್ಲನ್ನು ಕೊಳೆಸಿ ಆಮ್ಲಗಳನ್ನಾಗಿ ಮಾಡುತ್ತವೆ, ಆ ಆಮ್ಲಗಳೇ ದನಕ್ಕೆ ಶಕ್ತಿ. ಕೊನೆಗೆ ಆ ಸೂಕ್ಷ್ಮಜೀವಿಗಳೇ ಮುಂದಿನ ಕೋಣೆಗೆ ಇಳಿದು ಜೀರ್ಣವಾಗಿ ದನಕ್ಕೆ ಪ್ರೋಟೀನ್ ಆಗುತ್ತವೆ.

ಆದ್ದರಿಂದ ನಾವು ಗೋದಲಿಗೆ ಹಾಕುವ ಮೇವು ಮೊದಲು ಈ ಜೀವಿಗಳ ಊಟ. ಅವುಗಳಿಗೆ ಸಾರಜನಕ ಬೇಕು. ಒಟ್ಟು ಮೇವಿನಲ್ಲಿ ಪ್ರೋಟೀನ್ ಸುಮಾರು 7 ಪ್ರತಿಶತಕ್ಕಿಂತ ಕೆಳಗಿಳಿದರೆ ಅವುಗಳ ಕೆಲಸ ನಿಧಾನವಾಗುತ್ತದೆ. ಹುಲ್ಲು ಹೊಟ್ಟೆಯಲ್ಲೇ ಹೆಚ್ಚು ಹೊತ್ತು ಕೂರುತ್ತದೆ, ದನ ಮುಂದಿನ ಮೇವಿಗೆ ಬಾಯಿ ಹಾಕುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ. ಆದರೆ ಪಕ್ಕೆಲುಬು ಎದ್ದು ಕಾಣತೊಡಗುತ್ತದೆ.

ಇನ್ನೊಂದು ವಿಷಯ. ಬಿ ಗುಂಪಿನ ವಿಟಮಿನ್‌ಗಳನ್ನು ಈ ಸೂಕ್ಷ್ಮಜೀವಿಗಳೇ ತಯಾರಿಸಿಕೊಡುತ್ತವೆ. ಆರೋಗ್ಯವಾಗಿ ಮೇಯುವ ದೊಡ್ಡ ದನಕ್ಕೆ ಸಾಮಾನ್ಯವಾಗಿ ಬಿ ಕಾಂಪ್ಲೆಕ್ಸ್ ಟಾನಿಕ್ ಬೇಕಾಗುವುದಿಲ್ಲ. ಬಿ12 ತಯಾರಿಸಲು ಮಾತ್ರ ಅವುಗಳಿಗೆ ಕೋಬಾಲ್ಟ್ ಎಂಬ ಖನಿಜ ತುಸು ಬೇಕು. ಬಾಟಲಿಯ ಮೇಲೆ ‘ವಿಟಮಿನ್’ ಎಂದು ದೊಡ್ಡದಾಗಿ ಬರೆದ ಮಾತ್ರಕ್ಕೆ ಅದು ನಿಮ್ಮ ಆಕಳಿಗೆ ಬೇಕಾದದ್ದು ಎಂದೇನಲ್ಲ.

ಜೋಳ ಹಿಂದೆ ಸರಿದು ಭತ್ತ ಬಂದಾಗ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋ‌ಆಬ್ ಪ್ರದೇಶ ಮೂಲತಃ ಜೋಳದ ಸೀಮೆ. ಎರೆ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ, ಜೊತೆಗೆ ಕಡಲೆ, ಕುಸುಬೆ. ಮುಂಗಾರಿಗೆ ತೊಗರಿ, ಶೇಂಗಾ, ಸಜ್ಜೆ. ಕಾಳು ಮನೆಗೆ ಬಂದರೆ ಕಣಿಕೆ ಮತ್ತು ಹೊಟ್ಟು ದನಕ್ಕೆ. ಬಣಿವೆ ಒಟ್ಟುವಾಗಲೇ ಮಳೆಗಾಲದವರೆಗಿನ ಮೇವಿನ ಲೆಕ್ಕ ಮುಗಿದಿರುತ್ತಿತ್ತು.

1953ರ ಹೊತ್ತಿಗೆ ತುಂಗಭದ್ರಾ ಜಲಾಶಯ ಬಂತು. ಎಡದಂಡೆ ಕಾಲುವೆ ಹರಿದ ಸಿಂಧನೂರು, ಮಾನ್ವಿ ಕಡೆ ಹೊಲಗಳು ಗದ್ದೆಯಾದವು. ಆಮೇಲೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿತು. ರೈತರ ಆದಾಯ ಬದಲಾಯಿತು, ಅಕ್ಕಿ ಗಿರಣಿಗಳು ಎದ್ದವು. ಇದರ ಜೊತೆ ಯಾರೂ ಹೆಚ್ಚು ಮಾತಾಡದ ಇನ್ನೊಂದು ಬದಲಾವಣೆ ಆಯಿತು: ಕಾಲುವೆ ಭಾಗದ ಗೋದಲಿಯಲ್ಲಿ ಜೋಳದ ಕಣಿಕೆಯ ಜಾಗಕ್ಕೆ ಭತ್ತದ ಹುಲ್ಲು ಬಂತು.

ಎರಡೂ ಒಣಮೇವೇ. ಪ್ರೋಟೀನಿನಲ್ಲಿ ಕಣಿಕೆಯೂ ಶ್ರೀಮಂತವಲ್ಲ. ಆದರೆ ಕಣಿಕೆ ರುಚಿ, ಅದರಲ್ಲಿ ಜೀರ್ಣವಾಗುವ ಭಾಗ ಹೆಚ್ಚು. ಭತ್ತದ ಹುಲ್ಲಿಗೆ ಮೂರು ತೊಂದರೆ. ಒಂದು, ಪ್ರೋಟೀನ್ ಕೇವಲ 3ರಿಂದ 4 ಪ್ರತಿಶತ. ಎರಡು, ಸಿಲಿಕಾ ತುಂಬಾ ಇದೆ. ಮರಳಿನಲ್ಲಿರುವ ಇದೇ ವಸ್ತು ಹುಲ್ಲಿನ ನಾರಿಗೆ ಕವಚದ ಹಾಗೆ ಇರುವುದರಿಂದ ಸೂಕ್ಷ್ಮಜೀವಿಗಳಿಗೆ ಒಳನುಗ್ಗುವುದು ಕಷ್ಟ. ಮೂರು, ಅದರಲ್ಲಿರುವ ಆಕ್ಸಲೇಟ್ ಎಂಬ ರಾಸಾಯನಿಕ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆಗೆ ಹೋದ ಕ್ಯಾಲ್ಸಿಯಂನ ಒಂದು ಭಾಗ ರಕ್ತ ಸೇರದೆ ಸಗಣಿಯಲ್ಲಿ ಹೊರಬರುತ್ತದೆ. ರಂಜಕ ಅಂದರೆ ಫಾಸ್ಫರಸ್ ಅಂತೂ ಈ ಹುಲ್ಲಿನಲ್ಲಿ ಬಹಳ ಕಡಿಮೆ.

ಇದರ ಮೇಲೆ ಬೇಸಿಗೆ. ಒಣಗಿ ಹಳದಿಯಾದ ಹುಲ್ಲಿನಲ್ಲಿ ವಿಟಮಿನ್ ‘ಎ’ ಆಗುವ ಕೆರೋಟಿನ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಹಸಿರು ಕಾಣದೆ ತಿಂಗಳುಗಟ್ಟಲೆ ಕಳೆದ ದನಕ್ಕೆ ಸಂಜೆ ಕಣ್ಣು ಮಂದವಾಗುವುದು, ಹುಟ್ಟಿದ ಕರು ನಿಶ್ಶಕ್ತವಾಗಿರುವುದು ಇದರ ಲಕ್ಷಣಗಳಲ್ಲಿ ಸೇರಿವೆ.

ಹಾಗೆಂದು ಭತ್ತ ಬೆಳೆಯುವುದು ತಪ್ಪು ಎಂದಲ್ಲ. ಮೇವು ಬದಲಾದಾಗ ಅದರ ಜೊತೆ ಕೊಡಬೇಕಾದದ್ದೂ ಬದಲಾಗಬೇಕು. ಅಜ್ಜನ ಕಾಲದ ದನಕ್ಕೆ ಸಾಕಾಗಿದ್ದದ್ದು ಇಂದಿನ ದನಕ್ಕೆ ಸಾಕಾಗದೇ ಇರಲು ಇದೊಂದು ದೊಡ್ಡ ಕಾರಣ. ‘ಹಿಂದಿನವರು ಯಾವ ಖನಿಜ ಪುಡಿ ಹಾಕಿದ್ದರು?’ ಎಂದು ಕೇಳುವ ಫಾರ್ವರ್ಡ್‌ಗೆ ಉತ್ತರ ಇದೇ. ಹಿಂದಿನವರ ಗೋದಲಿಯಲ್ಲಿ ತೊಗರಿ ಹೊಟ್ಟು, ಕಡಲೆ ಹೊಟ್ಟು, ಶೇಂಗಾ ಬಳ್ಳಿ ಇತ್ತು. ದಿನಕ್ಕೆ ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಆಕಳು ಇರಲಿಲ್ಲ.

ಗೋಡೆ ನೆಕ್ಕುವ ದನ ಏನು ಹೇಳುತ್ತಿದೆ?

ಗೋಡೆ ನೆಕ್ಕುವುದು, ಮಣ್ಣು ತಿನ್ನುವುದು, ಬಟ್ಟೆ, ಚಪ್ಪಲಿ, ಎಲುಬು ಅಗಿಯುವುದು. ಇದನ್ನು ಚಟ ಎಂದು ಬೈದು ಸುಮ್ಮನಾಗುವವರೇ ಹೆಚ್ಚು. ಇದು ಹಲವು ಸಲ ರಂಜಕ ಅಥವಾ ಉಪ್ಪಿನ ಕೊರತೆಯ ಗುರುತು, ಕೆಲವು ಸಲ ಹೊಟ್ಟೆಹುಳುವಿನದು. ಖನಿಜಗಳ ಕೊರತೆಯಾದರೆ ಬೆದೆ ತಡವಾಗುತ್ತದೆ, ಗರ್ಭ ನಿಲ್ಲುವುದಿಲ್ಲ, ಕೂದಲಿನ ಬಣ್ಣ ಮಾಸುತ್ತದೆ, ಕರುಗಳ ಬೆಳವಣಿಗೆ ಕುಂಠಿತವಾಗುತ್ತದೆ. ವರ್ಷಕ್ಕೊಂದು ಕರು ಹಾಕಬೇಕಾದ ಆಕಳು ಎರಡು ವರ್ಷಕ್ಕೊಂದು ಹಾಕಿದರೆ ಆ ಮನೆಗೆ ಆಗುವ ನಷ್ಟ ಯಾವ ಆಸ್ಪತ್ರೆ ಬಿಲ್ಲಿಗೂ ಕಡಿಮೆಯಲ್ಲ. ಆದರೆ ಅದು ಒಂದೇ ದಿನ ಕಣ್ಣಿಗೆ ಬೀಳುವುದಿಲ್ಲ.

ಎಮ್ಮೆಗಳಲ್ಲಿ ಇದರ ತೀವ್ರ ರೂಪವೂ ಇದೆ. ಕರು ಹಾಕಿದ ಕೆಲವು ವಾರಗಳಲ್ಲಿ ರಕ್ತದಲ್ಲಿ ರಂಜಕ ತೀರಾ ಇಳಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಉಣ್ಣೆಯಿಂದ ಹರಡುವ ಬೇರೊಂದು ರೋಗದಲ್ಲೂ ಮೂತ್ರ ಕೆಂಪಾಗುತ್ತದೆ. ಎರಡರ ಚಿಕಿತ್ಸೆ ಪೂರಾ ಬೇರೆ. ಫೋಟೋ ನೋಡಿ ವಾಟ್ಸಾಪ್‌ನಲ್ಲಿ ಮದ್ದು ಹೇಳುವ ವಿಷಯ ಇದಲ್ಲ.

ಖನಿಜ ಮಿಶ್ರಣ: ಪ್ಯಾಕೆಟ್ ಹಿಂದೆ ಏನು ಓದಬೇಕು?

ಇಂತಹ ಕೊರತೆಗೆ ಖನಿಜ ಮಿಶ್ರಣ ನಿಜಕ್ಕೂ ಉಪಯೋಗ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ, ಯಾವ ಪ್ರದೇಶದ ಮಣ್ಣು, ಮೇವು, ದನಗಳಲ್ಲಿ ಯಾವ ಖನಿಜ ಕಡಿಮೆ ಇದೆ ಎಂದು ಅಧ್ಯಯನ ಮಾಡಿ ಆಯಾ ಪ್ರದೇಶಕ್ಕೆ ತಕ್ಕ ಮಿಶ್ರಣಗಳನ್ನು ರೂಪಿಸುವ ಕೆಲಸ ಮಾಡಿದೆ. ಎಲ್ಲ ಊರಿಗೂ ಒಂದೇ ಪುಡಿ ಸರಿಹೊಂದುವುದಿಲ್ಲ ಎಂಬುದೇ ಅದರ ಹಿಂದಿನ ತಿಳಿವಳಿಕೆ.

ಸಾಮಾನ್ಯ ಪ್ರಮಾಣ ಹೀಗಿದೆ: ಬೆಳೆಯುವ ಕರುವಿಗೆ ದಿನಕ್ಕೆ 20ರಿಂದ 25 ಗ್ರಾಂ, ಹಾಲು ಬತ್ತಿದ ದನಕ್ಕೆ 50 ಗ್ರಾಂ, ಹಾಲು ಕೊಡುವ ದನಕ್ಕೆ ಹಾಲಿನ ಪ್ರಮಾಣ ನೋಡಿ 100 ಗ್ರಾಂ ಅಥವಾ ಸ್ವಲ್ಪ ಹೆಚ್ಚು. ತಿಂಗಳಿಗೆ ಒಂದು ಮುಷ್ಟಿ ಹಾಕಿ ‘ಏನೂ ಉಪಯೋಗ ಆಗಲಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ. ದಿನವೂ ಕೊಡಬೇಕು, ಫಲ ಕಾಣಲು ತಿಂಗಳುಗಳೇ ಬೇಕು.

ಕೊಳ್ಳುವಾಗ ಭಾರತೀಯ ಮಾನಕ ಐಎಸ್ 1664 ಎಂದು ಬರೆದಿದೆಯೇ ನೋಡಿ. ಆ ಮಾನಕದ ಪ್ರಕಾರ ಉಪ್ಪು ಸೇರಿಸದ ಮಿಶ್ರಣದಲ್ಲಿ ಕ್ಯಾಲ್ಸಿಯಂ ಕನಿಷ್ಠ 20 ಪ್ರತಿಶತ, ರಂಜಕ ಕನಿಷ್ಠ 12 ಪ್ರತಿಶತ ಇರಬೇಕು. ಅಗ್ಗದ ಚೀಲಗಳಲ್ಲಿ ಸುಣ್ಣದ ಪುಡಿ ಹೆಚ್ಚು, ರಂಜಕ ಕಡಿಮೆ ಇರಬಹುದು. ಏಕೆಂದರೆ ದುಬಾರಿ ಆಗುವುದು ರಂಜಕವೇ.

ಇನ್ನೊಂದು ಸಂಖ್ಯೆ ರಾಯಚೂರು ಜಿಲ್ಲೆಯವರಿಗೆ ವಿಶೇಷ ಮುಖ್ಯ. ಅದೇ ಮಾನಕ ಫ್ಲೋರಿನ್‌ಗೆ ಮೇಲ್ಮಿತಿ ಹಾಕಿದೆ: 0.07 ಪ್ರತಿಶತ. ಸರಿಯಾಗಿ ಸಂಸ್ಕರಿಸದ ಶಿಲಾ ರಂಜಕದಿಂದ ಮಾಡಿದ ಪುಡಿಯಲ್ಲಿ ಫ್ಲೋರಿನ್ ಹೆಚ್ಚಿರುತ್ತದೆ. ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಮನುಷ್ಯರಿಗೆ ನಿಗದಿಯಾದ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ಫ್ಲೋರೈಡ್ ಇದೆ. ಜನರ ಹಲ್ಲಿನ ಮೇಲೆ ಕಂದು ಗೆರೆ ಕಾಣುವ ಊರಿನಲ್ಲಿ ದನವೂ ಅದೇ ನೀರು ಕುಡಿಯುತ್ತದೆ. ಅದರ ಹಲ್ಲೂ ಬೇಗ ಸವೆಯುತ್ತದೆ, ಕೀಲು ಬಿಗಿದು ಕುಂಟುತ್ತದೆ. ಅಂಥ ದನಕ್ಕೆ ಅಗ್ಗದ ಖನಿಜ ಪುಡಿಯಿಂದ ಇನ್ನಷ್ಟು ಫ್ಲೋರಿನ್ ಕೊಟ್ಟರೆ ಮದ್ದಿನ ಹೆಸರಲ್ಲೇ ರೋಗ ಬೆಳೆಸಿದ ಹಾಗೆ.

ಒಳ್ಳೆಯದೇ ಹೆಚ್ಚಾದರೆ?

‘ಹೆಚ್ಚಾದರೆ ಏನಾಗುತ್ತೆ, ಒಳ್ಳೆಯದೇ ಅಲ್ವಾ?’ ಎನ್ನುವವರಿಗೆ ಎರಡು ಉದಾಹರಣೆ.

ಮೊದಲನೆಯದು ಗಬ್ಬದ ಆಕಳಿನ ಕ್ಯಾಲ್ಸಿಯಂ. ಕರು ಹಾಕಿದ ಕೂಡಲೇ ಹಾಲಿಗೆ ಭಾರಿ ಪ್ರಮಾಣದ ಕ್ಯಾಲ್ಸಿಯಂ ಹರಿಯುತ್ತದೆ. ಆ ಹೊತ್ತಿಗೆ ದೇಹ ತನ್ನ ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳಬೇಕು, ಕರುಳಿನಿಂದ ಹೆಚ್ಚು ಹೀರಬೇಕು. ಇದಕ್ಕೆ ಹಾರ್ಮೋನುಗಳು ಸಜ್ಜಾಗಿರಬೇಕು. ಗಬ್ಬದ ಕೊನೆಯ ವಾರಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಕುಡಿಸಿದರೆ ಈ ವ್ಯವಸ್ಥೆ ಸೋಮಾರಿಯಾಗುತ್ತದೆ. ಕರು ಹಾಕಿದ ದಿನ ಅಥವಾ ಮರುದಿನ ರಕ್ತದ ಕ್ಯಾಲ್ಸಿಯಂ ಕುಸಿದು ಆಕಳು ಏಳಲಾರದೆ ಕುತ್ತಿಗೆ ಪಕ್ಕಕ್ಕೆ ತಿರುಗಿಸಿ ಮಲಗುವ ಸಾಧ್ಯತೆ ಹೆಚ್ಚುತ್ತದೆ. ಇದೇ ಹಾಲುಜ್ವರ. ಹೆಸರಲ್ಲಿ ಜ್ವರ ಇದ್ದರೂ ಮೈ ತಣ್ಣಗಿರುತ್ತದೆ. ತಡಮಾಡದೆ ವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಆಕಳು ಎದ್ದು ನಿಲ್ಲುತ್ತದೆ, ತಡವಾದರೆ ಸಾಯುತ್ತದೆ. ಅಂದರೆ ಕ್ಯಾಲ್ಸಿಯಂ ಬೇಕಾದದ್ದು ನಿಜ, ಅದಕ್ಕೊಂದು ಕಾಲವೂ ಇದೆ.

ಎರಡನೆಯದು ಕುರಿ. ರಾಯಚೂರು ಸೀಮೆಗೆ ತನ್ನದೇ ಆದ ಕೆಂಗುರಿ ತಳಿ ಇದೆ. ದೇವದುರ್ಗ, ಲಿಂಗಸುಗೂರು ಕಡೆಯ ಎಷ್ಟೋ ಕುಟುಂಬಗಳಿಗೆ ಕುರಿಹಟ್ಟಿಯೇ ಬ್ಯಾಂಕು. ಆಕಳಿಗೆ ತಂದ ಖನಿಜ ಪುಡಿಯನ್ನು ಅದೇ ಅಳತೆಯಲ್ಲಿ ಕುರಿಗೂ ಹಾಕುವುದು ಸುಲಭ ಎನಿಸುತ್ತದೆ. ಆದರೆ ಕುರಿಯ ಯಕೃತ್ತಿಗೆ ತಾಮ್ರವನ್ನು ಹೊರಹಾಕುವ ಶಕ್ತಿ ಕಡಿಮೆ. ಹೆಚ್ಚುವರಿ ತಾಮ್ರ ವಾರಗಟ್ಟಲೆ ಸದ್ದಿಲ್ಲದೆ ಸಂಗ್ರಹವಾಗಿ, ಒಂದು ದಿನ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಕಣ್ಣು ಹಳದಿ, ಮೂತ್ರ ಕಡುಕೆಂಪು, ಒಂದೆರಡು ದಿನದಲ್ಲಿ ಸಾವು. ಕುರಿಗೆ ಕುರಿಗೆಂದೇ ತಯಾರಾದ ಮಿಶ್ರಣ ಬೇಕು.

ಅಜೋಲಾ: ಒಂದು ಸಣ್ಣ ಲೆಕ್ಕ

ಅಜೋಲಾ ಒಳ್ಳೆಯ ಹಸಿರು. ಅದರ ಒಣ ತೂಕದಲ್ಲಿ ಪ್ರೋಟೀನ್ 20ರಿಂದ 25 ಪ್ರತಿಶತ ಇದೆ ಎನ್ನುವುದೂ ನಿಜ. ಫಾರ್ವರ್ಡ್ ಬಿಟ್ಟುಬಿಡುವುದು ‘ಒಣ ತೂಕ’ ಎಂಬ ಮಾತನ್ನು. ಹಸಿ ಅಜೋಲಾದಲ್ಲಿ ಶೇಕಡ 93ಕ್ಕಿಂತ ಹೆಚ್ಚು ನೀರು. ಎರಡು ಕಿಲೋ ಹಸಿ ಅಜೋಲಾ ಒಣಗಿಸಿದರೆ ಉಳಿಯುವುದು 100ರಿಂದ 140 ಗ್ರಾಂ. ಅದರಲ್ಲಿ ಪ್ರೋಟೀನ್ 20ರಿಂದ 35 ಗ್ರಾಂ. ಒಂದೇ ಒಂದು ಲೀಟರ್ ಆಕಳ ಹಾಲಿನಲ್ಲಿ ಸುಮಾರು 32 ಗ್ರಾಂ ಪ್ರೋಟೀನ್ ಇರುತ್ತದೆ! ಎಂಟು ಲೀಟರ್ ಕೊಡುವ ಆಕಳಿಗೆ ‘ಅಜೋಲಾ ಒಂದೇ ಸಾಕು’ ಎನ್ನುವುದು ಹೇಗೆ ಸಾಧ್ಯ? ಜೊತೆಗಿರಲಿ, ಹಿಂಡಿಯ ಬದಲಿಗೆ ಅಲ್ಲ.

ಯೂರಿಯಾ ಹಾಕಿದ ಮೇವು ವಿಷವೇ?

ಇದು ಅರ್ಧ ಸತ್ಯ ಎಂದೆವು. ಯಾವ ಅರ್ಧ ಎಂದು ಬಿಡಿಸಿ ನೋಡೋಣ.

ಭತ್ತದ ಹುಲ್ಲನ್ನು ಯೂರಿಯಾದಿಂದ ಉಪಚರಿಸುವುದು ದಶಕಗಳಿಂದ ಬಳಕೆಯಲ್ಲಿರುವ, ಪಶುಸಂಗೋಪನಾ ಸಂಸ್ಥೆಗಳು ಶಿಫಾರಸು ಮಾಡುವ ವಿಧಾನ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50ರಿಂದ 65 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ತಾಡಪತ್ರಿಯಿಂದ ಮುಚ್ಚಿ ಮೂರು ವಾರ ಬಿಡಬೇಕು. ಯೂರಿಯಾ ಅಮೋನಿಯಾ ಆಗಿ ಹುಲ್ಲಿನ ಗಟ್ಟಿ ನಾರನ್ನು ಸಡಿಲಿಸುತ್ತದೆ. ಹುಲ್ಲಿನ ಪ್ರೋಟೀನ್ ಅಂಶ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ತೆರೆದ ಮೇಲೆ ಒಂದೆರಡು ಗಂಟೆ ಗಾಳಿಗೆ ಹರಡಿ, ಮೊದಲು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ ಕೊಡುತ್ತಾರೆ. ರೂಮೆನ್‌ನ ಸೂಕ್ಷ್ಮಜೀವಿಗಳು ಈ ಸಾರಜನಕವನ್ನು ತಮ್ಮ ದೇಹದ ಪ್ರೋಟೀನಾಗಿ ಮಾಡಿಕೊಳ್ಳುತ್ತವೆ. ಹೀಗೆ ಮೇದ ಎಮ್ಮೆಯ ಹಾಲು ವಿಷವಾಗುವುದಿಲ್ಲ.

ಆದರೆ ಯೂರಿಯಾವನ್ನು ಬಕೆಟ್ ನೀರಿಗೆ ಕಲಸಿ ಕುಡಿಸುವುದು, ಹಿಂಡಿಗೆ ಅಂದಾಜಿನಲ್ಲಿ ಹಾಕುವುದು, ಗೊಬ್ಬರದ ಚೀಲವನ್ನು ದನದ ಬಾಯಿಗೆ ಸಿಗುವಂತೆ ಇಡುವುದು ಕೊಲೆಗೆ ಸಮ. ಒಮ್ಮೆಲೇ ಹುಟ್ಟಿದ ಅಮೋನಿಯಾ ರಕ್ತ ಸೇರಿ ಗಂಟೆಯೊಳಗೆ ನಡುಕ, ಹೊಟ್ಟೆ ಉಬ್ಬರ, ಸಾವು. ಆರು ತಿಂಗಳೊಳಗಿನ ಕರುವಿಗೆ, ಕುದುರೆ, ಕೋಳಿ, ಹಂದಿಗೆ ಉಪಚರಿಸಿದ ಹುಲ್ಲೂ ಬೇಡ. ಮೊದಲ ಸಲ ಮಾಡುವವರು ಪಶುವೈದ್ಯರ ಎದುರಿನಲ್ಲೇ ಮಾಡುವುದು ಲೇಸು.

ಪ್ರೀತಿಯಿಂದ ಹಾಕಿದ್ದೇ ಮುಳುವಾಗುವ ಮೂರು ಸಂದರ್ಭ

ಮದುವೆ ಮನೆಯ ಅನ್ನ. ‘ಉಳಿದ ಅನ್ನ ಚೆಲ್ಲಬೇಡಿ, ಗೋಮಾತೆಗೆ ಹಾಕಿ’ ಎಂಬ ಫಾರ್ವರ್ಡ್‌ನ ಉದ್ದೇಶ ಒಳ್ಳೆಯದೇ. ಆದರೆ ರೂಢಿಯಿಲ್ಲದ ದನ ಬಕೆಟ್‌ಗಟ್ಟಲೆ ಅನ್ನ ತಿಂದರೆ ರೂಮೆನ್‌ನಲ್ಲಿ ಪಿಷ್ಟ ವೇಗವಾಗಿ ಹುದುಗಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ನಾರು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಮೆಲುಕು ನಿಲ್ಲುತ್ತದೆ, ಮಾರನೆಯ ದಿನಕ್ಕೆ ದನ ನೆಲ ಹಿಡಿಯುತ್ತದೆ. ಜೋಳದ ರಾಶಿಗೆ ಕಣ್ಣುತಪ್ಪಿ ಬಾಯಿ ಹಾಕಿದ ದನಕ್ಕೂ ಇದೇ ಗತಿ. ಕುರಿಗಳಲ್ಲಿ ಹೀಗೆ ಕಾಳು ಅಥವಾ ಮೊದಲ ಮಳೆಯ ಎಳೆಹುಲ್ಲು ಒಮ್ಮೆಲೇ ಹೆಚ್ಚಾದಾಗ ಕರುಳಬೇನೆ ಬರುತ್ತದೆ. ಮಳೆಗಾಲಕ್ಕೆ ಮೊದಲು ಅದಕ್ಕೆ ಲಸಿಕೆ ಹಾಕಿಸುವುದು ಯಾವ ಟಾನಿಕ್‌ಗಿಂತಲೂ ಮೇಲು.

ಎಳೆ ಜೋಳ. ಮಳೆ ಕೈಕೊಟ್ಟು ಬಾಡಿದ ಮೊಣಕಾಲೆತ್ತರದ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ, ಇವುಗಳಲ್ಲಿ ಸಯನೈಡ್ ಹುಟ್ಟಿಸುವ ವಸ್ತು ಹೆಚ್ಚಿರುತ್ತದೆ. ತಿಂದ ಕೆಲವೇ ನಿಮಿಷಗಳಲ್ಲಿ ಏದುಸಿರು ಬಂದು ದನ ಬೀಳಬಹುದು. ಇದಕ್ಕೆ ಪ್ರತಿವಿಷದ ಇಂಜೆಕ್ಷನ್ ಇದೆ, ಆದರೆ ಸಮಯ ಬಹಳ ಕಡಿಮೆ. 50 ದಿನ ದಾಟಿದ, ಹೂ ಬಿಟ್ಟ ಜೋಳ ಮೇಯಿಸುವುದು ಸುರಕ್ಷಿತ. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಈ ಭಯವಿಲ್ಲ.

ಬೂಷ್ಟು ಹಿಡಿದ ಹಿಂಡಿ. ಹತ್ತಿಗೆ ಹೆಸರಾದ ರಾಯಚೂರಿನಲ್ಲಿ ಹತ್ತಿಕಾಳು ಮತ್ತು ಹಿಂಡಿ ಸುಲಭವಾಗಿ ಸಿಗುತ್ತವೆ. ಹಾಲು ಕೊಡುವ ದೊಡ್ಡ ದನಕ್ಕೆ ಹಿತಮಿತವಾಗಿ ಅದು ಒಳ್ಳೆಯ ಪ್ರೋಟೀನ್. ಅದರಲ್ಲಿರುವ ಗಾಸಿಪಾಲ್ ಎಂಬ ವಿಷಕಾರಿ ವಸ್ತುವನ್ನು ಅವುಗಳ ರೂಮೆನ್ ಬಹುಪಾಲು ನಿಷ್ಕ್ರಿಯ ಮಾಡುತ್ತದೆ. ರೂಮೆನ್ ಇನ್ನೂ ಬೆಳೆಯದ ಎಳೆಗರುವಿಗೆ ಮತ್ತು ತಳಿಗೆ ಬಿಡುವ ಹೋರಿಗೆ ಬೇಡ. ಇದಕ್ಕಿಂತ ದೊಡ್ಡ ಚಿಂತೆ ಒದ್ದೆಯಾಗಿ ಬೂಷ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿ ಹಿಂಡಿ, ಮೆಕ್ಕೆಜೋಳ. ಆ ಬೂಷ್ಟಿನ ಅಫ್ಲಟಾಕ್ಸಿನ್ ವಿಷ ದನದ ಯಕೃತ್ತನ್ನು ಕೆಡಿಸುತ್ತದೆ, ರೂಪ ಬದಲಿಸಿ ಹಾಲಿಗೂ ಬರುತ್ತದೆ. ಕಾಯಿಸಿದರೂ ಅದು ಹೋಗುವುದಿಲ್ಲ.

ದನ ಸಾಕದ, ಹಾಲಷ್ಟೇ ಕೊಳ್ಳುವ ನಗರದವರಿಗೂ ಇಲ್ಲಿ ಪಾಠವಿದೆ. ದೇಶದ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರ 2018ರಲ್ಲಿ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಆರೋಗ್ಯಕ್ಕೆ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12 ಮಾದರಿಗಳಲ್ಲಿ. ಅಫ್ಲಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ. ನಮ್ಮ ಫೋನಿಗೆ ಬರುವ ವಿಡಿಯೋಗಳೆಲ್ಲ ‘ನಕಲಿ ಹಾಲಿನ’ ಬಗ್ಗೆ. ಬೂಷ್ಟು ಹಿಡಿದ ಹಿಂಡಿಯ ಬಗ್ಗೆ ಯಾರೂ ವಿಡಿಯೋ ಮಾಡಿ ಹಂಚುವುದಿಲ್ಲ.

ಹಾಗಾದರೆ ದುಡ್ಡನ್ನು ಯಾವುದಕ್ಕೆ ಮೊದಲು ಹಾಕಬೇಕು?

ಮೊದಲು ನೀರು. ಆಕಳ ಹಾಲಿನ ನೂರರಲ್ಲಿ 87 ಭಾಗ ನೀರೇ. ಬಿಸಿಲು 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ದಿನಕ್ಕೆರಡು ಸಲ ಬಕೆಟ್ ತೋರಿಸಿದರೆ ಸಾಲದು. ನೆರಳಿನಲ್ಲಿ ಸದಾ ನೀರು ಸಿಗಬೇಕು. ಇದಕ್ಕೆ ಖರ್ಚು ಕಡಿಮೆ, ಫಲ ಬೇಗ.

ಎರಡನೆಯದು ಮೇವಿನ ಜೋಡಿ. ಭತ್ತದ ಹುಲ್ಲಿನಲ್ಲಿ ಇಲ್ಲದ್ದು ಅದೇ ಭತ್ತದ ತೌಡಿನಲ್ಲಿದೆ: ರಂಜಕ. ತೌಡಿನಲ್ಲಿ ಕಡಿಮೆ ಇರುವ ಕ್ಯಾಲ್ಸಿಯಂ ಶೇಂಗಾ ಬಳ್ಳಿ, ತೊಗರಿ ಹೊಟ್ಟಿನಲ್ಲಿದೆ. ಮಾನ್ವಿಯ ಗದ್ದೆಯ ಹುಲ್ಲು, ಗಿರಣಿಯ ತೌಡು, ದೇವದುರ್ಗದ ಮಳೆಯಾಶ್ರಿತ ಹೊಲದ ಹೊಟ್ಟು ಒಂದೇ ಗೋದಲಿಗೆ ಬಂದರೆ ಅರ್ಧ ಕೊರತೆ ಅಲ್ಲೇ ನೀಗುತ್ತದೆ. ತೌಡು ಬೇಗ ಕಮಟು ಹಿಡಿಯುವುದರಿಂದ ತಾಜಾ ಇರುವಾಗಲೇ, ಇತರ ಹಿಂಡಿಯ ಜೊತೆ ಹಿತಮಿತವಾಗಿ ಕೊಡಬೇಕು. ಬದುವಿನ ನುಗ್ಗೆ, ಬಚ್ಚಲ ನೀರಿಗೆ ಬೆಳೆದ ನಾಲ್ಕು ಸಾಲು ಹಸಿರು ಮೇವು ವಿಟಮಿನ್ ‘ಎ’ ಕೊರತೆಗೆ ಉತ್ತರ.

ಮೂರನೆಯದು ಜಂತುನಾಶಕ ಮತ್ತು ಲಸಿಕೆ. ಹೊಟ್ಟೆಯಲ್ಲಿ ಹುಳು ಇಟ್ಟುಕೊಂಡು ಪುಡಿ ಹಾಕಿದರೆ ಆ ಪುಡಿ ಹುಳುವಿಗೂ ಊಟ.

ನಾಲ್ಕನೆಯದು ದಿನವೂ ಅಳತೆಯಲ್ಲಿ ಖನಿಜ ಮಿಶ್ರಣ. ಇವೆಲ್ಲ ಆದ ಮೇಲೂ ತೊಂದರೆ ಉಳಿದರೆ ಐದನೆಯದಾಗಿ, ವೈದ್ಯರು ನೋಡಿ ಹೇಳಿದ ವಿಶೇಷ ಪೂರಕ. ಫಾರ್ವರ್ಡ್‌ಗಳು ಈ ಪಟ್ಟಿಯನ್ನು ಕೆಳಗಿನಿಂದ ಮೇಲೆ ಓದುತ್ತವೆ, ಏಕೆಂದರೆ ಮಾರಲು ಆಗುವುದು ಕೊನೆಯ ವಸ್ತುವನ್ನು. ಹಾಲು ಕೊಡುವ ಸಾಮರ್ಥ್ಯ ತಳಿಯಲ್ಲಿದೆ. ಮೇವು ಆ ಸಾಮರ್ಥ್ಯ ಹೊರಬರಲು ಬಿಡುತ್ತದೆ. ನಾಲ್ಕು ಲೀಟರ್ ಶಕ್ತಿಯ ಆಕಳು ಅರೆಹೊಟ್ಟೆಯಿಂದ ಎರಡು ಲೀಟರ್ ಕೊಡುತ್ತಿದ್ದರೆ, ಸರಿಯಾದ ಮೇವು ಬಿದ್ದಾಗ ಹಾಲು ನಿಜಕ್ಕೂ ಹೆಚ್ಚುತ್ತದೆ. ಪುಡಿಯ ಜಾಹೀರಾತಿನಲ್ಲಿ ಕಾಣುವ ‘ಚಮತ್ಕಾರ’ಗಳಲ್ಲಿ ಕೆಲವಾದರೂ ಇಂಥವು.

ನಿಮ್ಮ ದನದ ತೂಕ, ಹಾಲು, ಮನೆಯಲ್ಲಿರುವ ಮೇವು ಹೇಳಿ ಯಾವುದು ಎಷ್ಟು ಕೊಡಬೇಕೆಂದು ಹತ್ತಿರದ ಪಶು ಆಸ್ಪತ್ರೆಯಲ್ಲಿ ಅಥವಾ ನಿಮ್ಮ ಹಾಲು ಉತ್ಪಾದಕರ ಸಂಘದ ಮೂಲಕ ಕೇಳಿ. ದನ ನೆಲ ಹಿಡಿದರೆ, ಹೊಟ್ಟೆ ಉಬ್ಬಿದರೆ, ವಿಷ ತಿಂದ ಅನುಮಾನ ಬಂದರೆ ಗುಂಪಿನಲ್ಲಿ ಫೋಟೋ ಹಾಕಿ ಕಾಯಬೇಡಿ. ಪಶು ಚಿಕಿತ್ಸೆಯ ಉಚಿತ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಮುಂದಿನ ಸಲ ಮೇವಿನ ಬಗ್ಗೆ ಸಂದೇಶ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಯಾವ ಪ್ರಾಣಿಗೆ ಎಂದು ಹೇಳಿದೆಯೇ? ದಿನಕ್ಕೆ ಎಷ್ಟು ಗ್ರಾಂ ಎಂದು ಹೇಳಿದೆಯೇ? ಯಾವ ಪ್ರಾಣಿಗೆ ಕೊಡಬಾರದು ಎಂದು ಹೇಳಿದೆಯೇ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಅದನ್ನು ನಂಬಿ ಒಂದೇ ಒಂದು ಎಮ್ಮೆ ಸತ್ತರೂ, ಆ ಎಮ್ಮೆಯ ಹಾಲಿನಿಂದಲೇ ಮಕ್ಕಳ ಶಾಲೆಯ ಖರ್ಚು ನಡೆಸುವ ಮನೆಯೊಂದು ನಮ್ಮ ಜಿಲ್ಲೆಯಲ್ಲೇ ಇರುತ್ತದೆ.